ಹಾಲುಗಂಟು

ನನ್ನ ಬಲಗೈಯ ಹೆಬ್ಬೆರಳು ಸ್ವಲ್ಪ ಸೊಟ್ಟಗಿದೆ. ಇಪ್ಪತ್ತೆಂಟು ವರ್ಷದಿಂದ ದಿನಕ್ಕೆ ಎರಡು ಹೊತ್ತು ಹಾಲು ಕರೆದ ಕೈ ಅದು. ಕಿರಂಗೂರಿಗೆ ನಾನು ಸೊಸೆಯಾಗಿ ಬಂದಾಗ ಕೊಟ್ಟಿಗೆಯಲ್ಲಿ ಎರಡು ನಾಟಿ ಹಸು, ಒಂದು ಎಮ್ಮೆ ಇದ್ದವು. ಈಗ ನಾಲ್ಕು ಸೀಮೆ ಹಸು ಇವೆ. ಪಕ್ಕದ ಮನೆಯವರು ಹಾಲು ಕರೆಯುವ ಮಿಷನ್ನು ತಂದು ಬಹಳ ದಿನವಾಯಿತು. ನಾನು ಮಾತ್ರ ಕೈಯಲ್ಲೇ ಕರೆಯುತ್ತೇನೆ. ಕೈಯಲ್ಲಿ ಕರೆದರೆ ಕೆಚ್ಚಲಿನ ಸಮಾಚಾರ ತಿಳಿಯುತ್ತದೆ. ಯಾವ ಮೊಲೆ ಬಿಸಿಯಾಗಿದೆ, ಯಾವುದು ಬಿಗಿದಿದೆ, ಯಾವುದರಲ್ಲಿ ನಾಳೆ ಒಡೆದ ಹಾಲು ಬರುತ್ತದೆ ಅನ್ನುವುದನ್ನು ಡೇರಿಯವರ ಪರೀಕ್ಷೆಗಿಂತ ಒಂದು ದಿನ ಮುಂಚೆ ನಾನು ಹೇಳಬಲ್ಲೆ.

ಹಾಗಾಗಿ ನಮ್ಮ ಬೀದಿಯಲ್ಲಿ ಯಾರ ಹಸುವಿಗೆ ಕೆಚ್ಚಲು ಬಾವು ಬಂದರೂ ನನ್ನನ್ನು ಕರೆಯುತ್ತಾರೆ. ಬಾಣಂತಿಯರೂ ಕರೆಯುತ್ತಾರೆ. ಹಾಲು ಕಟ್ಟಿ ಎದೆ ಕಲ್ಲಾದವರಿಗೆ ಬಿಸಿನೀರಿನ ಬಟ್ಟೆ ಇಟ್ಟು, ಕಂಕುಳಿನ ಕಡೆಯಿಂದ ಮೆತ್ತಗೆ ನೀವಿ, ಗಂಟು ಕರಗಿಸುವುದು ನನಗೆ ಬರುತ್ತದೆ. ಹೆಮ್ಮೆಗೆ ಇದನ್ನು ಬರೆಯುತ್ತಿಲ್ಲ. ಈ ಕೈಯ ಮೇಲೆ ಎಲ್ಲರಿಗೂ ಇದ್ದ ನಂಬಿಕೆಯಿಂದಲೇ ಮುಂದಿನದೆಲ್ಲ ಆಯಿತು, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅವಳಿಗೆ ಆರು ವರ್ಷವಾದಾಗ ನಮ್ಮವ್ವ ಜ್ವರ ಬಂದು ತೀರಿಕೊಂಡಳು. ಅವಳಿಗೆ ತಲೆ ಬಾಚಿ, ಜಡೆ ಹಾಕಿ, ಸ್ಕೂಲಿಗೆ ಕಳಿಸಿದ್ದು ನಾನೇ. ಅವಳನ್ನು ಕೆ.ಆರ್. ಪೇಟೆ ತಾಲ್ಲೂಕಿಗೆ, ಗೋವಿಂದನಹಳ್ಳಿ ಹತ್ತಿರದ ಒಂದೂರಿಗೆ ಕೊಟ್ಟಿದ್ದೆವು. ಗಂಡನಿಗೆ ಪೇಟೆಯಲ್ಲಿ ಬೋರ್‌ವೆಲ್ ಮೋಟರು ರಿಪೇರಿ ಅಂಗಡಿ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳು ನಿಲ್ಲಲಿಲ್ಲ. ಎರಡು ಸಲ ಮೂರನೇ ತಿಂಗಳಲ್ಲೇ ಹೋಯಿತು. ಮೂರನೆಯದು ಮೂರು ತಿಂಗಳು ದಾಟಿತು ಅಂದಾಗ ನಾವು ಯಾರೂ ಜೋರಾಗಿ ಮಾತಾಡಲಿಲ್ಲ, ಸಂತೋಷಪಟ್ಟರೆ ಎಲ್ಲಿ ಕಣ್ಣು ತಾಗುತ್ತದೋ ಅಂತ.

ನಾಲ್ಕನೇ ತಿಂಗಳಲ್ಲಿ ಅವಳು ನನ್ನ ಮನೆಗೆ ಬಂದಳು. ಉಪ್ಸಾರು ಮುದ್ದೆ ಉಣ್ಣಬೇಕು ಅಂತ ಆಸೆಯಾಗಿತ್ತಂತೆ. ಅವಳ ಅತ್ತೆ ನಾಗಮಂಗಲದ ಕಡೆಯವರು, ಅವರ ಉಪ್ಸಾರಿನ ಖಾರ ಇವಳ ನಾಲಿಗೆಗೆ ಹಿಡಿಯುವುದಿಲ್ಲ. ಎರಡು ದಿನ ಇದ್ದಳು. ಎರಡನೇ ದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಅವಳಿಗೆ ಎಣ್ಣೆ ನೀರು ಹಾಕುತ್ತಿದ್ದೆ. ಹಂಡೆ ಕಾದು ಹಬೆ ತುಂಬಿಕೊಂಡಿತ್ತು. ಬೆನ್ನಿಗೆ ಸೀಗೆಪುಡಿ ಹಚ್ಚುವಾಗ ಅವಳು ನನ್ನ ಕೈ ಹಿಡಿದು ಎಡಗಡೆ ಎದೆಯ ಹೊರ ಮಗ್ಗುಲಿಗೆ, ಕಂಕುಳಿನ ಹತ್ತಿರಕ್ಕೆ ತಂದಿಟ್ಟಳು.

ಹುಣಸೆ ಬೀಜದಷ್ಟಿತ್ತು.

ಹಾಲು ಕಟ್ಟಿದ ಗಂಟು ಬಿಸಿಯಿರುತ್ತದೆ. ಮುಟ್ಟಿದರೆ ನೋಯುತ್ತದೆ. ನೀವಿದರೆ ಅಷ್ಟಷ್ಟೇ ದಾರಿ ಬಿಡುತ್ತದೆ. ಇದು ತಣ್ಣಗಿತ್ತು. ಒತ್ತಿದರೆ ಪಕ್ಕಕ್ಕೆ ಜಾರಲಿಲ್ಲ. ನೋವಿದೆಯಾ ಅಂದರೆ ಇಲ್ಲ ಅಂದಳು. ನನ್ನ ಬೆರಳುಗಳು ಅಲ್ಲೇ ನಿಂತುಬಿಟ್ಟವು. ಇಷ್ಟು ವರ್ಷದಲ್ಲಿ ನಾನು ಮುಟ್ಟಿದ ಯಾವ ಗಂಟೂ ಹೀಗಿರಲಿಲ್ಲ ಅನ್ನುವುದು ಬೆರಳಿಗೆ ಗೊತ್ತಾಯಿತು.

"ಏನಕ್ಕ ಅದು?" ಅಂದಳು. ನೀರು ಇಳಿಯುತ್ತಿದ್ದ ಮುಖ ತಿರುಗಿಸಿ ನೋಡಿದಳು. ಎರಡು ಸಲ ಕಳಕೊಂಡವಳ ಮುಖ ಅದು.

"ಹಾಲುಗಂಟು ಕಣವ್ವ," ಅಂದೆ. "ನಾಕು ತಿಂಗ್ಳಾಯ್ತಲ್ಲ, ಮೈ ಹಾಲಿಗೆ ಅಣಿಯಾಯ್ತಾ ಅದೆ."

ಅವಳ ಮುಖ ಸಡಿಲವಾಯಿತು. ಅದನ್ನು ನೋಡಿ ನನಗೂ ನನ್ನ ಮಾತೇ ನಿಜವೆನಿಸಿತು. ಬಾಯಿಂದ ಒಂದು ಹೆಸರು ಬಂದಮೇಲೆ ಬೆರಳಿಗೆ ಗೊತ್ತಿದ್ದುದನ್ನು ಬದಿಗಿಡುವುದು ಎಷ್ಟು ಸುಲಭ ಅಂತ ನನಗೆ ಅವತ್ತು ತಿಳಿದಿರಲಿಲ್ಲ.

ಹಸುವಿನ ಕೆಚ್ಚಲು ಬಾವಿಗೆ ನಾವು ಲೋಳೆಸರ, ಅರಿಶಿನ, ಸುಣ್ಣ ಮೂರನ್ನೂ ಅರೆದು ಬಳಿಯುತ್ತೇವೆ. ಅವಳಿಗೆ ಸುಣ್ಣ ಬಿಟ್ಟು ಮಿಕ್ಕಿದ್ದನ್ನು ಅರೆದು ಡಬ್ಬಿಯಲ್ಲಿ ಹಾಕಿ ಕಳಿಸಿದೆ. ಊರಿಗೆ ಹೋಗಿ ಅವಳು ಅತ್ತೆಗೆ ಹೇಳಿದಳು. ಅತ್ತೆ ಜಗಲಿ ಮೇಲೆ ಕೂತು ಬಂದವರಿಗೆಲ್ಲ, ನನ್ನ ಸೊಸೆಗೆ ಈಗಲೇ ಹಾಲು ಕಟ್ಟಿದೆ, ಅವಳಕ್ಕ ಕೈಯಿಟ್ಟು ಹೇಳಿದ್ದಾಳೆ ಅಂತ ಹೇಳಿಕೊಂಡರು. ತಿಂಗಳಿಗೊಮ್ಮೆ ಹೊಟ್ಟೆ ನೋಡಿಸಿಕೊಳ್ಳಲು ಹೋದಾಗ ಅಲ್ಲಿಯವರು ಬೇರೇನಾದರೂ ತೊಂದರೆ ಇದೆಯಾ ಅಂತ ಕೇಳುತ್ತಿದ್ದರಂತೆ. ಇವಳು ಏನೂ ಇಲ್ಲ ಅನ್ನುತ್ತಿದ್ದಳು. ಅಕ್ಕ ಹೇಳಿದಮೇಲೆ ಅದು ತೊಂದರೆಯಲ್ಲವಲ್ಲ.

ಅಲ್ಲಿಂದ ಮುಂದೆ ಎರಡು ತಿಂಗಳು ನಾನು ಎಂದಿನಂತೆ ಇದ್ದೆ. ಕಬ್ಬು ಕಡಿಯುವ ಕಾಲ, ಆಳುಗಳಿಗೆ ಅಡುಗೆ, ಒಂದು ಹಸು ಕರು ಹಾಕಿತ್ತು. ಆದರೆ ಹಾಲು ಕರೆಯಲು ಕೂತಾಗ ಹಸುವಿನ ಬೆಚ್ಚನೆ ಕೆಚ್ಚಲು ಕೈಗೆ ಸಿಕ್ಕ ಕೂಡಲೇ ಆ ತಣ್ಣನೆಯದು ನೆನಪಿಗೆ ಬರುತ್ತಿತ್ತು. ದಿನಕ್ಕೆ ಎರಡು ಹೊತ್ತು ಬರುತ್ತಿತ್ತು. ಯಾರಿಗೂ ಹೇಳಲಿಲ್ಲ. ಫೋನು ಮಾಡಿದಾಗ ಊಟ ಆಯಿತಾ, ಕಾಲು ಊದಿದೆಯಾ ಅಂತ ಕೇಳುತ್ತಿದ್ದೆನೇ ಹೊರತು ಗಂಟಿನ ಮಾತು ಎತ್ತುತ್ತಿರಲಿಲ್ಲ. ಒಂದು ದಿನ ಅವಳೇ ಎತ್ತಿದಳು. ಹಾಲುಗಂಟು ಕರಗಲೇ ಇಲ್ಲ, ದಪ್ಪವಾಗಿದೆ, ಮೇಲಿನ ಚರ್ಮ ಒಳಕ್ಕೆ ಎಳೆದ ಹಾಗಿದೆ ಅಂದಳು. ನಗುತ್ತಲೇ ಹೇಳಿದಳು. ಹಾಲು ಜಾಸ್ತಿ ಬರುತ್ತದೆ ಅಂತ ಅತ್ತೆಗೆ ಖುಷಿಯಂತೆ.

ಮಾರನೆಯ ದಿನ ಪಾಂಡವಪುರದಿಂದ ದನದ ಡಾಕ್ಟರು ನಮ್ಮ ಕರುವಿಗೆ ಔಷಧಿ ಕುಡಿಸಲು ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಅಕ್ಕ ಅಂತಲೇ ಕರೆಯುತ್ತಾರೆ. ಅವರು ಕೈ ತೊಳೆಯಲು ನಾನು ಚೊಂಬಿನಲ್ಲಿ ನೀರು ಹಾಕುತ್ತಿದ್ದೆ. ಹಾಕುತ್ತಾ ಕೇಳಿದೆ.

"ಡಾಕ್ಟ್ರೇ, ಒಂದು ಅಸುಗೆ ಕೆಚ್ಚಲಲ್ಲಿ ಗಂಟಾಗದೆ. ಬಿಸಿ ಇಲ್ಲ, ಬಾವಿಲ್ಲ, ಮುಟ್ಟುದ್ರೆ ಒದೆಯಾಕಿಲ್ಲ. ದಪ್ಪ ಮಾತ್ರ ಆಯ್ತಲೇ ಅದೆ."

ಯಾವ ಹಸು ಅಂದರು. ನಮ್ಮದಲ್ಲ, ನೆಂಟರ ಮನೆಯದು ಅಂದೆ. ಎಷ್ಟನೇ ಸೂಲು ಅಂದರು. ಮೊದಲನೆಯದು, ಗಬ್ಬವಾಗಿದೆ, ಆರು ತಿಂಗಳು ಅಂದೆ. ಹಾಗಾದರೆ ಇನ್ನೂ ಹಾಲೇ ಕರೆದಿಲ್ಲ ಅಂದರು. ಇಲ್ಲ ಅಂದೆ. ಎಷ್ಟು ದಿನದಿಂದ ಇದೆ, ಚರ್ಮ ಹೇಗಿದೆ ಅಂದರು. ಒಳಕ್ಕೆ ಎಳೆದ ಹಾಗಿದೆಯಂತೆ ಅಂದೆ. ಆ ಅಂತೆ ಅನ್ನುವುದನ್ನು ಅವರು ಹಿಡಿದುಕೊಂಡರು ಅಂತ ಕಾಣುತ್ತದೆ. ಕೈ ಉಜ್ಜುತ್ತಿದ್ದುದನ್ನು ನಿಲ್ಲಿಸಿದರು.

"ಅಕ್ಕ, ಇಷ್ಟು ವರ್ಷದಲ್ಲಿ ಹಸುಗೆ ಅಂಥ ಗಂಟು ನಾನು ನೋಡಿಲ್ಲ," ಅಂದರು. "ಯಾರಿಗಾಗಿದೆ ಹೇಳಿ."

ಹೇಳಿದೆ. ಚೊಂಬಿನ ನೀರು ಮುಗಿದಿದ್ದರೂ ನಾನು ಬಗ್ಗಿಸಿಕೊಂಡೇ ಇದ್ದೆನಂತೆ, ಅವರೇ ಕೈಯಿಂದ ತೆಗೆದುಕೊಂಡರು. ರೋಗದ ಹೆಸರು ಅವರು ಹೇಳಲಿಲ್ಲ. ನಾಳೆ ಅನ್ನಬೇಡಿ ಅಂತ ಮಾತ್ರ ಹೇಳಿ, ಒಳಗಿಟ್ಟಿದ್ದ ಕಾಫಿಯನ್ನೂ ಕುಡಿಯದೆ ಗಾಡಿ ಹತ್ತಿದರು.

ಮಧ್ಯಾಹ್ನದ ಬಸ್ಸಿಗೆ ಹೊರಟೆ. ಪಾಂಡವಪುರಕ್ಕೆ ಹೋಗಿ ಅಲ್ಲಿಂದ ಕೆ.ಆರ್. ಪೇಟೆ ಬಸ್ಸು. ಚಿನಕುರಳಿ ಹತ್ತಿರ ಕಬ್ಬಿನ ಟ್ರಾಕ್ಟರು ಒಂದಾದಮೇಲೊಂದು ಅಡ್ಡ ನಿಂತು ಬಸ್ಸು ಮುಕ್ಕಾಲು ಗಂಟೆ ಅಲುಗಾಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಹುರಿಗಡಲೆ ತಿನ್ನುತ್ತಾ ನನಗೂ ಒಂದು ಹಿಡಿ ಕೊಟ್ಟಳು. ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ತಂಗಿಯ ಮನೆ ತಲುಪಿದೆ. ಎರಡು ತಿಂಗಳ ಹಿಂದೆ ಹುಣಸೆ ಬೀಜದಷ್ಟಿದ್ದುದು ನಿಂಬೆಹಣ್ಣಿನಷ್ಟಾಗಿತ್ತು. ಮೇಲಿನ ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗಿತ್ತು. ಅದರ ಮೇಲೆ ನಾನು ಅರೆದುಕೊಟ್ಟ ಅರಿಶಿನದ ಹಳದಿ ಇನ್ನೂ ಹೋಗಿರಲಿಲ್ಲ.

ಮೈಸೂರಿನ ಕ್ಯಾನ್ಸರ್ ಆಸ್ಪತ್ರೆಯೊಂದಕ್ಕೆ ಮಾರನೆಯ ದಿನವೇ ಹೋದೆವು. ತಂಗಿ, ಅವಳ ಗಂಡ, ಅವಳ ಅತ್ತೆ, ನಾನು. ಹೊಟ್ಟೆ ನೋಡುವಂಥದೇ ಸ್ಕ್ಯಾನಿನಲ್ಲಿ ಎದೆ ನೋಡಿದರು. ದಪ್ಪ ಸೂಜಿ ಹಾಕಿ ಗಂಟಿನ ಚೂರು ತೆಗೆದರು. ವಾರ ಕಳೆದು ಬನ್ನಿ ಅಂದರು. ಆ ವಾರ ಹೇಗೆ ಹೋಯಿತು ಅಂತ ಬರೆಯುವುದಕ್ಕೆ ಏನೂ ಇಲ್ಲ. ಮುದ್ದೆ ತೊಳಸಿದೆ, ಸಗಣಿ ಬಾಚಿದೆ.

ರಿಪೋರ್ಟು ಹಿಡಿದು ಕೂತ ಡಾಕ್ಟರಮ್ಮ ನಿಧಾನಕ್ಕೆ ಮಾತಾಡುವವರು. ಕ್ಯಾನ್ಸರ್ ಅಂತ ಒಂದೇ ಸಲ ಅಂದರು, ಆಮೇಲೆ ಗಡ್ಡೆ ಅಂತಲೇ ಅಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ ಅಂತ ಕೇಳಿದರು. ಇಲ್ಲ ಅಂದೆ. ಅಂದಮೇಲೆ ನೆನಪಾಯಿತು. ನಮ್ಮ ಅಜ್ಜಿ, ಅವ್ವನ ಅವ್ವ. ನಾನು ಏಳೆಂಟು ವರ್ಷದವಳಿದ್ದಾಗ ಅವಳ ಹತ್ತಿರ ಮಲಗಲು ಹೋದರೆ ಒಂದು ವಾಸನೆ ಬರುತ್ತಿತ್ತು. ಕುಪ್ಪಸದೊಳಗೆ ಅರಿಶಿನ ಹಚ್ಚಿದ ಬಟ್ಟೆ ಇಟ್ಟುಕೊಂಡಿರುತ್ತಿದ್ದಳು. ಹುಣ್ಣು ಅನ್ನುತ್ತಿದ್ದರು. ಅಜ್ಜಿ ಹೋದದ್ದು ಹುಣ್ಣಿನಿಂದ. ಅದನ್ನು ಡಾಕ್ಟರಮ್ಮನಿಗೆ ಹೇಳಿದೆ. ಅವರು ಬರೆದುಕೊಂಡು, ನೀವೂ ತೋರಿಸಿಕೊಳ್ಳಿ ಅಂದರು.

ತಂಗಿ ಕೇಳಿದ್ದು ಒಂದೇ. "ಮಗೂಗೆ ಏನಾಯ್ತದೆ ಮೇಡಂ?"

ಅವರು ಏನೂ ಮುಚ್ಚಿಡಲಿಲ್ಲ. ಮೊದಲ ಮೂರು ತಿಂಗಳಲ್ಲಿ ಕೀಮೋ ಔಷಧಿ ಕೊಡುವುದಿಲ್ಲ, ಮಗುವಿನ ಅಂಗ ಕೂಡುವ ಕಾಲ ಅದು. ಈಗ ಅದು ದಾಟಿದೆ, ಕೊಡಬಹುದು, ಕೊಟ್ಟ ತಾಯಂದಿರ ಮಕ್ಕಳು ಚೆನ್ನಾಗಿ ಹುಟ್ಟಿದ್ದನ್ನು ನಾವು ನೋಡಿದ್ದೇವೆ. ಆದರೆ ತೂಕ ಕಡಿಮೆ ಇರಬಹುದು, ಬೇಗ ಹೆರಿಗೆ ಆಗಬಹುದು, ಏನೂ ಆಗುವುದಿಲ್ಲ ಅಂತ ಮಾತು ಕೊಡಲಾರೆ ಅಂದರು. ಮಗುವನ್ನು ತೆಗೆಸಿದರೆ ತಾಯಿಗೆ ರೋಗ ವಾಸಿಯಾಗುತ್ತದೆ ಅಂತೇನಿಲ್ಲ ಅಂತಲೂ ಹೇಳಿದರು. ಮೊದಲು ಔಷಧಿ ಕೊಟ್ಟು ಗಡ್ಡೆ ಕುಗ್ಗಿಸುವುದು, ಹೆರಿಗೆಗೆ ಮೂರು ವಾರ ಮುಂಚೆ ನಿಲ್ಲಿಸುವುದು, ಆಪರೇಷನ್ನು ಆಮೇಲೆ. ಕರೆಂಟು ಹಿಡಿಯುವುದು, ಅಂದರೆ ರೇಡಿಯೇಷನ್ನು, ಅದಕ್ಕೂ ಆಮೇಲೆ. ಎರಡು ತಿಂಗಳು ಮುಂಚೆ ಬಂದಿದ್ದರೆ ಅಂತ ಶುರು ಮಾಡಿ, ತಂಗಿಯ ಮುಖ ನೋಡಿ, ನಿಲ್ಲಿಸಿದರು.

ಹೊರಗೆ ಬೆಂಚಿನ ಮೇಲೆ ಅತ್ತೆ ನನ್ನ ಪಕ್ಕ ಕೂತರು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಎದುರಿನ ಗೋಡೆ ನೋಡುತ್ತಾ ಅಂದರು. "ಅಸ ಕರೆಯೋ ಕೈಲಿ ನನ್ನ ಸೊಸೆ ಎದೆ ನೋಡ್ದಲ್ಲವ್ವ ನೀನು."

ಅವರು ಅಂದದ್ದು ನಿಜಕ್ಕಿಂತ ಕಡಿಮೆಯೇ ಇತ್ತು. ನನ್ನ ಕೈ ಸರಿಯಾಗೇ ನೋಡಿತ್ತು, ಸುಳ್ಳು ಹೇಳಿದ್ದು ಬಾಯಿ.

ಮೈಸೂರು ನಮ್ಮೂರಿಗೆ ಹತ್ತಿರವಾದ್ದರಿಂದ ತಂಗಿ ನನ್ನ ಮನೆಯಲ್ಲೇ ಉಳಿದಳು. ಮೂರು ವಾರಕ್ಕೊಮ್ಮೆ ಔಷಧಿ. ಶರಬತ್ತಿನಂಥ ಕೆಂಪು ಔಷಧಿ ಕೊಳವೆಯಲ್ಲಿ ಇಳಿಯುವುದನ್ನು ಅವಳು ನೋಡುತ್ತಿರಲಿಲ್ಲ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಣ್ಣು ಮುಚ್ಚಿರುತ್ತಿದ್ದಳು, ಅಡ್ಡ ಹಿಡಿದ ಹಾಗೆ. ಮನೆಗೆ ಬಂದಮೇಲೆ ಮೂರು ದಿನ ವಾಂತಿ. ಹಾಲು ಕಾಯುವ ವಾಸನೆ ಆಗುತ್ತಿರಲಿಲ್ಲ. ಹಿತ್ತಲಲ್ಲಿ ಒಲೆ ಹೂಡಿ ಅಲ್ಲಿ ಕಾಯಿಸಿದೆ. ಸೋಂಕು ತಾಗಬಾರದು ಅಂತ ನರ್ಸಮ್ಮ ಹೇಳಿದ್ದರಿಂದ ಕೊಟ್ಟಿಗೆಯಿಂದ ಬಂದವಳು ಸ್ನಾನ ಮಾಡಿ ಸೀರೆ ಬದಲಿಸದೆ ಅವಳ ಕೋಣೆಗೆ ಕಾಲಿಡುತ್ತಿರಲಿಲ್ಲ. ದಿನಕ್ಕೆ ಎರಡು ಸ್ನಾನ, ಎರಡು ಸೀರೆ. ನೀರು ಕಾಯಿಸಿ ಆರಿಸಿದ್ದು. ಹಸಿಯ ಸೌತೆಕಾಯಿ ಕೂಡ ಇಲ್ಲ. ಜ್ವರ ನೋಡುವ ಕಡ್ಡಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದೆ.

ಮಗು ಆಡುವುದನ್ನು ಎಣಿಸಲು ಹೇಳಿದ್ದರು. ಮಧ್ಯಾಹ್ನ ಊಟವಾದಮೇಲೆ ಎಡ ಮಗ್ಗುಲಾಗಿ ಮಲಗಬೇಕು, ಎರಡು ಗಂಟೆಯೊಳಗೆ ಹತ್ತು ಸಲ ಆಡಬೇಕು. ತಂಗಿಗೆ ಔಷಧಿಯ ಮಂಪರಿನಲ್ಲಿ ಲೆಕ್ಕ ತಪ್ಪುತ್ತಿತ್ತು. ಹತ್ತು ಒಣ ಅವರೆಕಾಳು, ಒಂದು ಹಿತ್ತಾಳೆ ಲೋಟ ಕೊಟ್ಟೆ. ಮಗು ಒದ್ದಾಗ ಒಂದು ಕಾಳು ಲೋಟಕ್ಕೆ. ನಾನು ನಡುಮನೆಯಲ್ಲಿ ಕೂತು ಹುರುಳಿ ಹಸನು ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಟಣ್. ಆಮೇಲೆ ಏನೂ ಇಲ್ಲ. ಆಮೇಲೆ ಟಣ್, ಟಣ್. ಹತ್ತನೆಯದು ಬೀಳುವವರೆಗೆ ನಾನು ಏಳುತ್ತಿರಲಿಲ್ಲ. ಯಾರಾದರೂ ಬಂದು ಬಾಗಿಲು ತಟ್ಟಿದರೆ ಸಿಟ್ಟು ಬರುತ್ತಿತ್ತು.

ಎರಡನೇ ಔಷಧಿ ಹೊತ್ತಿಗೆ ಕೂದಲು ಹೋಯಿತು. ಚಿಕ್ಕವಳಿದ್ದಾಗ ನಾನು ಎರಡು ಜಡೆ ಹಾಕುತ್ತಿದ್ದ ಕೂದಲು ದಿಂಬಿನ ಮೇಲೆ ಹಾಗೇ ಬಂದುಬಿಡುತ್ತಿತ್ತು. ಬಾಚಿ ಗಂಟು ಕಟ್ಟಿ ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಹೂತೆ.

ಮೂರನೆಯ ಔಷಧಿಯಾಗಿ ಐದನೇ ದಿನ, ಲೋಟಕ್ಕೆ ಮೂರು ಕಾಳು ಬಿದ್ದು ನಿಂತಿತು. ನಾನು ಹುರುಳಿಯನ್ನು ಎರಡು ಸಲ ಹಸನು ಮಾಡಿದೆ. ಕಲ್ಲು ಇಲ್ಲದ ಹುರುಳಿಯಲ್ಲಿ ಕಲ್ಲು ಹುಡುಕಿದೆ. ಬೆಲ್ಲದ ನೀರು ಕುಡಿಸಿದೆ. ಮಗ್ಗುಲು ಬದಲಿಸಿದಳು. ಮೂರೇ. ಆಗ ಅತ್ತೆಯೂ ಬಂದಿದ್ದರು. ಮೂವರೂ ಆಟೋ ಹತ್ತಿದೆವು. ಶ್ರೀರಂಗಪಟ್ಟಣದ ಸೇತುವೆ ಮೇಲೆ ಲಾರಿ ಕೆಟ್ಟು ನಿಂತು ಗಾಡಿಗಳೆಲ್ಲ ನಿಂತಿದ್ದವು. ಕೆಳಗೆ ಕಾವೇರಿಯಲ್ಲಿ ನೀರು ಕಡಿಮೆ, ಬಂಡೆಗಳೆಲ್ಲ ಎದ್ದು ಕಾಣುತ್ತಿದ್ದವು. ಆಟೋದವನು ಇಳಿದು ಮುಂದೆ ಹೋಗಿ ನೋಡಿ ಬಂದ. ಅತ್ತೆ ಸೊಸೆಯ ಹೊಟ್ಟೆಯ ಮೇಲೆ ಅಂಗೈ ಒತ್ತಿಕೊಂಡು ಕೂತಿದ್ದರು. ಎಷ್ಟೋ ಹೊತ್ತಿನ ಮೇಲೆ ಅವರು ಉಸಿರು ಬಿಟ್ಟರು.

"ಒದೀತು," ಅಂದರು. ನನ್ನ ಕಡೆ ತಿರುಗಿ, "ನೀನೂ ಮುಟ್ಟಿ ನೋಡವ್ವ," ಅಂದರು.

ನಾನು ಮುಟ್ಟಲಿಲ್ಲ. ಕೈ ಮುಂದಕ್ಕೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಕೇಳಿಸಿ, ಸರಿಯಾಗಿದೆ ಅಂತ ವಾಪಸು ಕಳಿಸಿದರು.

ಒಂಬತ್ತನೇ ತಿಂಗಳಲ್ಲಿ ಹೂ ಮುಡಿಸುವ ಶಾಸ್ತ್ರ ಮಾಡಲೇಬೇಕು ಅಂತ ಅತ್ತೆ ಹಟ ಹಿಡಿದರು. ಮಲ್ಲಿಗೆ ಮೊಗ್ಗು ತಂದು ತಾವೇ ಕಟ್ಟಿದರು, ನಾಲ್ಕು ಮೊಳ. ಬೀದಿಯ ಐದು ಜನ ಹೆಂಗಸರು ಬಂದರು. ಹಸಿರು ಸೀರೆ ಉಡಿಸಿ, ತಲೆಗೆ ಹತ್ತಿಯ ಬಟ್ಟೆ ಕಟ್ಟಿ ತಂಗಿಯನ್ನು ಮಣೆಯ ಮೇಲೆ ಕೂರಿಸಿದೆವು. ಮಡಿಲಕ್ಕಿ ಆಯಿತು, ಬಳೆ ಆಯಿತು. ಹೂವಿನ ತಟ್ಟೆ ಹಿಡಿದವಳು ಹಿಂದೆ ನಿಂತು, ಎಲ್ಲಿಗೆ ಮುಡಿಸುವುದು ಅಂತ ತಿಳಿಯದೆ ನನ್ನ ಮುಖ ನೋಡಿದಳು. ಅತ್ತೆ ದಂಡೆ ಕಿತ್ತುಕೊಂಡು ಸೊಸೆಯ ಎರಡೂ ಹೆಗಲ ಮೇಲೆ ಇಳಿಬಿಟ್ಟರು. ತಲೆ ಮೇಲೇ ಮುಡಿಯಬೇಕು ಅಂತ ಯಾರಾದರೂ ಬರೆದಿಟ್ಟಿದ್ದಾರಾ ಅಂತ ಗದರಿದರು. ಹೆಂಗಸರು ನಕ್ಕರು. ತಂಗಿಯೂ ನಕ್ಕಳು. ಹೂವಿನ ವಾಸನೆ ತಡೆಯದೆ ಶಾಸ್ತ್ರ ಅರ್ಧಕ್ಕೇ ಎದ್ದು ಹೋದಳು.

ನಾಲ್ಕನೆಯ ಔಷಧಿಯಾಗಿ ಮೂರು ವಾರಕ್ಕೆ ನೋವು ಬರುವ ಇಂಜೆಕ್ಷನ್ನು ಕೊಟ್ಟರು. ಹೆಣ್ಣು ಮಗು. ಎರಡು ಕಾಲು ಕೆಜಿ. ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದಾಗ ನಾನು ಮೊದಲು ನೋಡಿದ್ದು ಬೆರಳುಗಳನ್ನು, ಆಮೇಲೆ ತಲೆಯನ್ನು. ತಲೆ ತುಂಬ ಕಪ್ಪು ಕೂದಲು. ತಾಯಿ ತಲೆಯಲ್ಲಿ ಒಂದೆಳೆಯಿಲ್ಲ, ಮಗುವಿಗೆ ಹಣೆಯವರೆಗೆ ಇತ್ತು. ತಂಗಿಯ ಗಂಡ ಇಷ್ಟು ತಿಂಗಳೂ ಬಾಯಿ ಬಿಡದೆ ಬಸ್ಸಿಗೂ ಆಸ್ಪತ್ರೆಗೂ ಓಡಾಡಿದವನು, ಅವತ್ತು ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತ.

ಮಗುವಿಗೆ ಎದೆಹಾಲು ಕೊಡುವ ಹಾಗಿಲ್ಲ ಅಂತ ಮುಂಚೆಯೇ ಹೇಳಿದ್ದರು. ಔಷಧಿ ಇನ್ನೂ ಮುಗಿದಿಲ್ಲ, ಆಪರೇಷನ್ನಿಗೆ ಎದೆ ಬತ್ತಬೇಕು. ಹಾಲು ನಿಲ್ಲುವ ಮಾತ್ರೆ ಕೊಟ್ಟಿದ್ದರು. ಆದರೂ ಮೂರನೇ ದಿನ ಹಾಲು ಬಂತು. ಪಕ್ಕದಲ್ಲಿ ಮಗು ಡಬ್ಬಿ ಪುಡಿಯ ಹಾಲು ಚಮಚದಲ್ಲಿ ಕುಡಿಯುತ್ತಿತ್ತು, ಇವಳ ಬಲಗಡೆ ಕುಪ್ಪಸ ಒದ್ದೆಯಾಗುತ್ತಿತ್ತು. ಮಧ್ಯಾಹ್ನ ಅವಳು ನನ್ನನ್ನು ಹತ್ತಿರ ಕರೆದು ಬಲಗಡೆ ಎದೆಯ ಮೇಲೆ ನನ್ನ ಕೈ ಇಟ್ಟಳು. ಕಾದ ಹೆಂಚಿನ ಹಾಗಿತ್ತು. ಒಳಗೆ ಗಂಟು ಗಂಟು. ಮುಟ್ಟಿದ್ದಕ್ಕೇ ಅವಳು ಹಲ್ಲು ಕಚ್ಚಿದಳು.

"ಇದಾ ಅಕ್ಕ, ಹಾಲುಗಂಟು ಅಂದ್ರೆ?"

"ಹೂಂ," ಅಂದೆ.

ಅವಳು ಇನ್ನೊಂದು ಕಡೆ ತನ್ನ ಕೈಯಿಂದ ತಾನೇ ಮುಟ್ಟಿ ನೋಡಿಕೊಂಡಳು. ಮತ್ತೆ ಈ ಕಡೆ. ಮತ್ತೆ ಆ ಕಡೆ. ಆ ಹೊತ್ತಿನಲ್ಲಿ ಅವಳು ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆ.

ಸಂಜೆ ಅತ್ತೆ ಮಲ್ಲಿಗೆ ತಂದರು. ಹಾಲು ಬತ್ತಲು ಮಲ್ಲಿಗೆ ಹೂವನ್ನು ಎದೆಗೆ ಕಟ್ಟುವುದು ಅವರ ಕಡೆಯ ಹಳೆಯ ವಾಡಿಕೆ. ನಮ್ಮಲ್ಲೂ ಉಂಟು, ಸತ್ತ ಮಗು ಹುಟ್ಟಿದ ಮನೆಗಳಲ್ಲಿ ಕಟ್ಟುತ್ತಿದ್ದರು. ಬದುಕಿರುವ ಮಗುವಿನ ತಾಯಿಗೆ ಕಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ನರ್ಸಮ್ಮನನ್ನು ಕೇಳಿದಾಗ, ಮಾತ್ರೆ ಮಾತ್ರ ಬಿಡಬೇಡಿ, ಹೂವಿನಿಂದ ತೊಂದರೆಯಿಲ್ಲ ಅಂದರು. ತಲೆಗೆ ಮುಡಿಸಲಾರದ ಹೂವನ್ನು ಅತ್ತೆ ಸೊಸೆಯ ಎದೆಗೆ ಸುತ್ತಿದರು. ಮಗು ಆ ವಾಸನೆ ಹಿಡಿದು ತಾಯಿಯ ಕಡೆಗೇ ಮುಖ ತಿರುಗಿಸುತ್ತಿತ್ತು. ನಾಲ್ಕು ದಿನದಲ್ಲಿ ಹಾಲು ಬತ್ತಿತು. ತಿಂಗಳೊಳಗೆ ಎಡ ಎದೆ ತೆಗೆದರು. ಮತ್ತೆ ಔಷಧಿ, ಮತ್ತೆ ಐದು ವಾರ ದಿನಾ ಕರೆಂಟು ಹಿಡಿಸಲು ಓಡಾಟ. ಮಗುವನ್ನು ನಾನು ಸೊಂಟದ ಮೇಲೆ ಹೊತ್ತುಕೊಂಡು ಕೊಟ್ಟಿಗೆ ಕೆಲಸ ಮಾಡಿದೆ.

ಇದೆಲ್ಲ ಆಗಿ ನಾಲ್ಕು ವರ್ಷ. ತಂಗಿಯ ತಲೆಯಲ್ಲಿ ಮತ್ತೆ ಕೂದಲು ಬಂತು, ಗುಂಗುರಾಗಿ. ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತೋರಿಸಲು ಹೋಗುತ್ತಿದ್ದಳು. ನಾನೂ ತೋರಿಸಿಕೊಂಡೆ, ಏನೂ ಇಲ್ಲ ಅಂದರು, ವರ್ಷಕ್ಕೊಮ್ಮೆ ಬನ್ನಿ ಅಂದರು. ಅವಳು ತೋರಿಸಿಕೊಂಡು ಬರುವ ದಿನ ನನ್ನ ಹಸುಗಳು ಸರಿಯಾಗಿ ಹಾಲು ಇಳಿಸುವುದಿಲ್ಲ. ಕೈ ಬಿಗಿಯಾಗಿರುತ್ತದೆ, ಅವಕ್ಕೆ ತಿಳಿಯುತ್ತದೆ.

ನಿನ್ನೆ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಮಗುವಿನ ಜೊತೆ ಬಂದಳು. ಹೇಳಿರಲಿಲ್ಲ. ನಾನು ಕೊಟ್ಟಿಗೆಯಲ್ಲಿದ್ದೆ. ಮಗು ಒಳಕ್ಕೆ ಓಡಿತು. ತಂಗಿ ಕೊಟ್ಟಿಗೆಗೇ ಬಂದು, ಕಂಬಕ್ಕೆ ಒರಗಿ ನಿಂತು, ಸೆರಗು ಸರಿಸಿ ಕತ್ತಿನ ಬುಡ ತೋರಿಸಿದಳು. ಮೂಳೆಯ ಮೇಲ್ಗಡೆ ಏನೋ ಗಂಟು ಕೈಗೆ ಸಿಗುತ್ತದೆ ಅಂದಳು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ.

"ಶೀತ ಆಗಿತ್ತು ಓದ್ವಾರ," ಅಂದಳು. "ಅದ್ಕೇ ಇರ್ಬೋದು. ಒಂದ್ಸಲ ನೀನೇ ಮುಟ್ಟಿ ನೋಡಕ್ಕ."

ನನ್ನ ಕೈ ಹಾಲಿನಿಂದ ಒದ್ದೆಯಾಗಿತ್ತು. ಎದ್ದು ನಿಂತು ಎರಡೂ ಕೈಯನ್ನು ಸೀರೆಗೆ ಒರೆಸಿಕೊಂಡು ಹಿಂದಕ್ಕೆ ಕಟ್ಟಿಕೊಂಡೆ.

"ನಂಗೆ ಗೊತ್ತಾಗಾಕಿಲ್ಲ ಕಣವ್ವ," ಅಂದೆ. "ಡಾಕ್ಟ್ರು ನೋಡ್ಲಿ, ನಡಿ."

ಅವಳು ಸೆರಗು ಎಳೆದು ಕತ್ತು ಮುಚ್ಚಿಕೊಂಡಳು. ನಾಲ್ಕು ವರ್ಷದಿಂದ ಬಾಯಿಗೆ ಬಂದು ಬಂದು ಹೋಗುತ್ತಿದ್ದ ಮಾತು ಆಗ ಬಂತು. ಅವತ್ತು ಬಚ್ಚಲಲ್ಲಿ ನನಗೆ ಅನುಮಾನ ಬಂದಿತ್ತು, ಆದರೂ ಹಾಲುಗಂಟು ಅಂದೆ ಅಂತ ಹೇಳಿದೆ.

"ಗೊತ್ತು ಕಣಕ್ಕ," ಅಂದಳು. "ನಿನ್ ಬೆರಳು ನಿಂತೋದ್ವಲ್ಲ ಅವತ್ತು. ನಂಗೂ ಹಾಲುಗಂಟೇ ಬೇಕಾಗಿತ್ತು." ಆಮೇಲೆ ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದ ಮಗಳ ಕಡೆಗೆ ತಲೆಯಾಡಿಸಿದಳು. "ನಾಕನೇ ತಿಂಗ್ಳಲ್ಲೇ ತಿಳ್ದಿದ್ರೆ ಇವ್ಳನ್ನ ತೆಗ್ಸು ಅಂತ ಎಲ್ಲಾರೂ ಮೇಲೆ ಬಿದ್ಬುಡೋರು. ನಾನು ತಡ್ಕೊತಿದ್ನೋ ಇಲ್ವೋ."

ನನ್ನ ಸಮಾಧಾನಕ್ಕೆ ಅಂದಳು ಅಂತ ನನಗೆ ಗೊತ್ತಿದೆ. ಡಾಕ್ಟರಮ್ಮ ಅರ್ಧಕ್ಕೆ ನಿಲ್ಲಿಸಿದ ಮಾತೂ ಗೊತ್ತಿದೆ. ಎರಡನ್ನೂ ಇಟ್ಟುಕೊಂಡಿದ್ದೇನೆ.

ಅರ್ಧ ಕರೆದ ಹಸುವನ್ನು ಹಾಗೇ ಬಿಟ್ಟೆ, ಮಿಕ್ಕಿದ್ದನ್ನು ಕರುವಿಗೆ ಬಿಡಲು, ಮಗುವನ್ನು ನೋಡಿಕೊಳ್ಳಲು ನಮ್ಮ ಯಜಮಾನರಿಗೆ ಹೇಳಿದೆ. ಸ್ನಾನ ಮಾಡಿ, ಸೀರೆ ಬದಲಿಸಿ, ಒಂಬತ್ತು ಗಂಟೆಯ ಬಸ್ಸಿಗೆ ಇಬ್ಬರೂ ಮೈಸೂರಿಗೆ ಹೋದೆವು. ಡಾಕ್ಟರಮ್ಮ ಕತ್ತು ಮುಟ್ಟಿ ನೋಡಿದರು. ನಾನು ಅವರ ಮುಖ ನೋಡಲಿಲ್ಲ, ಬೆರಳು ನೋಡುತ್ತಿದ್ದೆ. ಅಲ್ಲಿಗೆ ಬಂದಾಗ ಅವೂ ನಿಂತವು. ಅವರು ಯಾವ ಹೆಸರನ್ನೂ ಹೇಳಲಿಲ್ಲ. ಸೂಜಿ ಹಾಕಿ ಗಂಟಿನ ಚೂರು ತೆಗೆದುಕೊಂಡರು.

ರಿಪೋರ್ಟು ಗುರುವಾರ ಬರುತ್ತದೆ. ಇವತ್ತು ಮಂಗಳವಾರ. ತಂಗಿ ನಡುಮನೆಯಲ್ಲಿ ಮಲಗಿದ್ದಾಳೆ. ಮಗು ಅಟ್ಟದ ಕೆಳಗಿನ ಗೂಡಿನಿಂದ ಆ ಹಿತ್ತಾಳೆ ಲೋಟ ತೆಗೆದುಕೊಂಡಿದೆ. ಅವರೆಕಾಳು ಎಲ್ಲಿಂದ ಸಿಕ್ಕಿತೋ, ಒಂದೊಂದನ್ನೇ ಅದರೊಳಗೆ ಹಾಕುತ್ತಿದೆ. ನಾನು ಇಲ್ಲಿ ಕೂತು ಎಣಿಸುತ್ತಿದ್ದೇನೆ.